ಟಿವಿ ಗೇಮಿನ ಕಾಲ

ಹುಬ್ಬಳ್ಳಿ-ಧಾರವಾಡದ ನಡುಮನೆಗಳಲ್ಲಿ ಟಿವಿ ಎಂಬುದು ರಾಮಾಯಣ ಧಾರಾವಾಹಿಗೂ ಕ್ರಿಕೆಟ್ಟಿಗೂ ಮೀಸಲಾಗಿದ್ದ ಕಾಲವೊಂದಿತ್ತು. ಅದನ್ನು ಮಕ್ಕಳ ಕೈಗೆ ಒಪ್ಪಿಸಿದ್ದು ಟಿವಿ ಗೇಮ್. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ 14,800 ಯೆನ್ನಿಗೆ ಮಾರಾಟಕ್ಕಿಟ್ಟ ಫ್ಯಾಮಿಕಾಮ್, ತೊಂಬತ್ತರ ದಶಕದ ನಮ್ಮ ಪೇಟೆಗೆ ಬಂದದ್ದು ನಕಲುಗಳ ವೇಷದಲ್ಲಿ. ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳ ಘೋಷಣೆ. ಹಾಕಿ ನೋಡಿದರೆ ಮಾರಿಯೋ, ಕಾಂಟ್ರಾಗಳೇ ಮತ್ತೆ ಮತ್ತೆ. ಚಿತ್ರ ಮೂಡದಿದ್ದರೆ ಕ್ಯಾಸೆಟ್ ಕಿತ್ತು, ಬಾಯಿಂದ ಊದಿ, ಮತ್ತೆ ಸಿಕ್ಕಿಸುವುದೇ ರಿಪೇರಿ.

ಅತ್ತ ಜಪಾನಿನಲ್ಲಿ ಯುಗಗಳು ಉರುಳುತ್ತಿದ್ದವು. ಸೋನಿಯ ಪ್ಲೇಸ್ಟೇಷನ್ 1994ರ ಡಿಸೆಂಬರ್ 3ರಂದು ಬಂತು. ಪ್ಲೇಸ್ಟೇಷನ್-2 ಬಂದದ್ದು 2000ದ ಮಾರ್ಚ್ 4ರಂದು. ಹೊಸ ಮಾಡೆಲ್ಲಿನ ಸುದ್ದಿ ಹಬ್ಬಿದರೆ ಹಳೆಯದರ ವ್ಯಾಪಾರ ಕುಂಟುವುದು ಈ ಧಂದೆಯ ರೂಢಿ. "ಈಗ ತಗೋಬ್ಯಾಡ್ರಿ, ಹೊಸಾದು ಬಂದ್ರ ಇದರ ರೇಟ್ ಇಳಿತೈತಿ" ಎಂಬುದು ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಗಿರಾಕಿಗೆ ಯಾರೂ ಕಲಿಸಬೇಕಾದ ಅರ್ಥಶಾಸ್ತ್ರವಲ್ಲ.

ತಯಾರಕರಿಗೂ ಈ ಗುಟ್ಟು ಗೊತ್ತಿತ್ತು. 2004ರಲ್ಲಿ ಸೋನಿ ಅದೇ ಪ್ಲೇಸ್ಟೇಷನ್-2ನ್ನು ತೆಳ್ಳಗೆ ಮಾಡಿತು. 7.8 ಸೆಂ.ಮೀ. ದಪ್ಪವಿದ್ದ ಪೆಟ್ಟಿಗೆ 2.8ಕ್ಕೆ ಇಳಿಯಿತು, ಒಳಗಿದ್ದ ವಿದ್ಯುತ್ ಅಡಾಪ್ಟರ್ ಹೊರಬಿತ್ತು. ಆಟಗಳು ಹಳೆಯವೇ, ರೂಪ ಮಾತ್ರ ಹೊಸದು. ಅಮೆರಿಕದಲ್ಲಿ 299 ಡಾಲರಿಗೆ ಆರಂಭವಾಗಿದ್ದ ಬೆಲೆ 2009ರ ಏಪ್ರಿಲ್ ಹೊತ್ತಿಗೆ 99ಕ್ಕೆ ಇಳಿದಿತ್ತು.

ಅಷ್ಟರಲ್ಲಿ ಉತ್ತರಾಧಿಕಾರಿಯೂ ಬಂದಾಗಿತ್ತು. 2007ರ ಏಪ್ರಿಲ್‌ನಲ್ಲಿ ಭಾರತಕ್ಕೆ ಕಾಲಿಟ್ಟ ಪ್ಲೇಸ್ಟೇಷನ್-3ರ ಬೆಲೆ 39,990 ರೂಪಾಯಿ. ಆಗಿನ ಪ್ರಾಥಮಿಕ ಶಾಲೆಯ ಮಾಸ್ತರರ ತಿಂಗಳ ಪಗಾರವನ್ನೂ ಮೀರಿದ ಮೊತ್ತ. ಹೊಸದನ್ನು ನೋಡಿ ಬೆರಗಾದವರು ಹಳೆಯದನ್ನು ಕೊಂಡರು. 2009ರಲ್ಲಿ ಹೈದರಾಬಾದಿನ ಅರೋನಾ ಸಂಸ್ಥೆ ಹನುಮಂತನ ಕಥೆಯನ್ನು ಆಟವಾಗಿಸಿದ್ದು ಕೂಡ ಪ್ಲೇಸ್ಟೇಷನ್-2ಕ್ಕಾಗಿ, ಅಂದರೆ ಹೊಸದು ಬಂದ ಎರಡು ವರ್ಷಗಳ ನಂತರ.

2013ರ ಜನವರಿ ಹೊತ್ತಿಗೆ ಪ್ಲೇಸ್ಟೇಷನ್-2ರ ಉತ್ಪಾದನೆ ನಿಂತಿತ್ತು. ಅದರ ಒಟ್ಟು ಮಾರಾಟ 16 ಕೋಟಿ ದಾಟಿತು. ಉತ್ತರಾಧಿಕಾರಿ 9 ಕೋಟಿಯನ್ನೂ ಮುಟ್ಟಲಿಲ್ಲ. ಹೊಸ ಮಾಡೆಲ್ ಹಳೆಯದನ್ನು ಮೂಲೆಗೆ ತಳ್ಳುತ್ತದೆ ಎಂಬ ಮಾತು ಟೋಕಿಯೊದ ಅಂಗಡಿಗೆ ಒಪ್ಪೀತು. ಹುಬ್ಬಳ್ಳಿಯಂಥ ಊರಿಗೆ ಹೊಸದು ಮಾಡಿದ ದೊಡ್ಡ ಉಪಕಾರವೆಂದರೆ ಹಳೆಯದನ್ನು ಕೈಗೆಟುಕಿಸಿದ್ದು.