ಇಆರ್‌ಪಿ ಅನುಷ್ಠಾನ ಪಾಲುದಾರರ ಆಯ್ಕೆ

ಇಆರ್‌ಪಿ ಅನುಷ್ಠಾನ ಪಾಲುದಾರರ ಆಯ್ಕೆ ಎಂದರೆ, ಒಂದು ಕಂಪನಿಯು ತನ್ನ ಹೊಸ ವ್ಯವಹಾರ ತಂತ್ರಾಂಶವನ್ನು ಅಳವಡಿಸಿಕೊಡಲು ಹೊರಗಿನ ಸಂಸ್ಥೆಯೊಂದನ್ನು ಪರಿಶೀಲಿಸಿ ಗೊತ್ತುಮಾಡುವ ಪ್ರಕ್ರಿಯೆ. ಲೆಕ್ಕಪತ್ರ, ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಸಂಬಳ ಮೊದಲಾದವನ್ನು ಒಂದೇ ದತ್ತಾಂಶಕೋಶದ ಆಧಾರದಲ್ಲಿ ನಡೆಸುವ ತಂತ್ರಾಂಶಕ್ಕೆ ಉದ್ಯಮ ಸಂಪನ್ಮೂಲ ಯೋಜನಾ ತಂತ್ರಾಂಶ ಅಥವಾ ಇಆರ್‌ಪಿ ಎಂದು ಹೆಸರು. ಒಂದೇ ತಂತ್ರಾಂಶವು ಒಂದು ಕಂಪನಿಯಲ್ಲಿ ಸಫಲವಾಗಿ ಇನ್ನೊಂದರಲ್ಲಿ ವಿಫಲವಾಗುವುದುಂಟು. ಹೀಗಾಗುವುದಕ್ಕೆ ಬಹುಮಟ್ಟಿಗೆ ಅದನ್ನು ಅಳವಡಿಸಿದವರು ಮತ್ತು ಅಳವಡಿಸಿಕೊಂಡವರು ಕಾರಣರಾಗಿರುತ್ತಾರೆ.

ಹಿನ್ನೆಲೆ

ಇಆರ್‌ಪಿ ಎಂಬ ಹೆಸರನ್ನು 1990ರಲ್ಲಿ ಗಾರ್ಟ್ನರ್ ಸಂಸ್ಥೆಯು ಬಳಕೆಗೆ ತಂದಿತು. ಈ ಕ್ಷೇತ್ರದ ಪ್ರಮುಖ ಸಂಸ್ಥೆಯಾದ ಸ್ಯಾಪ್ 1972ರಲ್ಲಿ ಜರ್ಮನಿಯಲ್ಲಿ ಆರಂಭವಾಯಿತು. ಭಾರತದ ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಟ್ಯಾಲಿ 1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆಯದು. ತಂತ್ರಾಂಶ ತಯಾರಕರು ಪ್ರತಿಯೊಬ್ಬ ಗ್ರಾಹಕನ ಬಳಿಗೂ ತಾವೇ ಹೋಗುವುದಿಲ್ಲ. ಬಹುಪಾಲು ಅಳವಡಿಕೆಯನ್ನು ಮಾನ್ಯತೆ ಪಡೆದ ಪಾಲುದಾರ ಸಂಸ್ಥೆಗಳು ಮಾಡುತ್ತವೆ. ಆದ್ದರಿಂದ ಕೊಳ್ಳುವವರು ಸಾಮಾನ್ಯವಾಗಿ ಎರಡು ಒಪ್ಪಂದಗಳಿಗೆ ಒಳಪಡುತ್ತಾರೆ: ತಯಾರಕರೊಡನೆ ಪರವಾನಗಿಯ ಒಪ್ಪಂದ, ಪಾಲುದಾರರೊಡನೆ ಸೇವೆಯ ಒಪ್ಪಂದ.

ಪಾಲುದಾರರ ಕಾರ್ಯಗಳು

ಕಂಪನಿಯ ಕಾರ್ಯವಿಧಾನದ ಅಧ್ಯಯನ, ಅದಕ್ಕೆ ತಕ್ಕಂತೆ ತಂತ್ರಾಂಶದ ಹೊಂದಾಣಿಕೆ, ಹಳೆಯ ಲೆಕ್ಕಗಳ ವರ್ಗಾವಣೆ, ಪರೀಕ್ಷೆ, ಸಿಬ್ಬಂದಿಯ ತರಬೇತಿ ಮತ್ತು ಚಾಲನೆಯ ನಂತರದ ನೆರವು ಪಾಲುದಾರರ ಮುಖ್ಯ ಕಾರ್ಯಗಳು. ಇವುಗಳಲ್ಲಿ ಹಳೆಯ ಲೆಕ್ಕಗಳ ವರ್ಗಾವಣೆಯು ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುತ್ತದೆ. ಒಬ್ಬನೇ ಗ್ರಾಹಕನ ಹೆಸರು ಹಳೆಯ ಖಾತೆಗಳಲ್ಲಿ ಮೂರು ಬಗೆಯಾಗಿದ್ದರೆ, ಹೊಸ ತಂತ್ರಾಂಶವು ಅವನನ್ನು ಮೂವರೆಂದೇ ಎಣಿಸುತ್ತದೆ.

ಆಯ್ಕೆಯ ಹಂತಗಳು

ಮೊದಲ ಹಂತವು ಕಂಪನಿಯ ಒಳಗೇ ನಡೆಯಬೇಕಾದುದು. ಯಾವ ಕೆಲಸ ಹೇಗೆ ನಡೆಯುತ್ತಿದೆ, ಯಾವುದು ಬದಲಾಗಬೇಕು, ನಿರ್ಣಯಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಬರೆದಿಡಬೇಕು. ಆನಂತರ ಪ್ರಸ್ತಾವಗಳನ್ನು ಆಹ್ವಾನಿಸಿ, ಕೆಲವನ್ನು ಮಾತ್ರ ಉಳಿಸಿಕೊಂಡು, ಪ್ರಾತ್ಯಕ್ಷಿಕೆ ನೋಡಲಾಗುತ್ತದೆ. ಪಾಲುದಾರರು ಸಿದ್ಧಪಡಿಸಿಕೊಂಡು ಬಂದ ಮಾದರಿಗಿಂತ ಕಂಪನಿಯದೇ ಒಂದು ತಿಂಗಳ ನಿಜವಾದ ವ್ಯವಹಾರವನ್ನು ಕೊಟ್ಟು ತೋರಿಸಲು ಹೇಳುವುದು ಹೆಚ್ಚು ಉಪಯುಕ್ತ. ಅವರ ಹಿಂದಿನ ಗ್ರಾಹಕರನ್ನು ಕಂಡು ಮಾತನಾಡುವುದು ಇನ್ನೊಂದು ಮುಖ್ಯ ಹಂತ. ತಂತ್ರಾಂಶದ ಮುಂದೆ ದಿನವೂ ಕೂರುವ ಗುಮಾಸ್ತರು ಮತ್ತು ಉಗ್ರಾಣದ ಸಿಬ್ಬಂದಿಯನ್ನೂ ಆಗ ವಿಚಾರಿಸಬೇಕು.

ಮಾನದಂಡಗಳು

ಅದೇ ಬಗೆಯ ಉದ್ಯಮದ ಅನುಭವ ಮೊದಲನೆಯ ಮಾನದಂಡ. ಉದಾಹರಣೆಗೆ, ಹುಬ್ಬಳ್ಳಿಯ ಕವಾಟ ತಯಾರಿಕಾ ಘಟಕವೊಂದು ಬೆಳಗಾವಿಯ ಫೌಂಡ್ರಿಯಿಂದ ಎರಕದ ಬಿಡಿಭಾಗಗಳನ್ನು ತರಿಸಿ, ಜಾಬ್ ವರ್ಕ್‌ಗಾಗಿ ಮತ್ತೊಂದು ಘಟಕಕ್ಕೆ ಕಳುಹಿಸುತ್ತದೆ ಎಂದುಕೊಳ್ಳೋಣ. ಸರಕು ಹೊರಗಿದ್ದರೂ ಅದರ ಒಡೆತನ ಕಳುಹಿಸಿದವರದೇ. ಜಿಎಸ್‌ಟಿ ಕಾಯ್ದೆಯ 143ನೆಯ ಕಲಮಿನ ಪ್ರಕಾರ ಅಂತಹ ಕಚ್ಚಾ ಸರಕು ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಜಾಬ್ ವರ್ಕ್ ಮಾಡಿದ ಸ್ಥಳದಿಂದಲೇ ಮಾರಾಟವಾಗಬೇಕು. ಬರಿಯ ಅಂಗಡಿ ವ್ಯಾಪಾರದ ಲೆಕ್ಕ ಬಲ್ಲ ಪಾಲುದಾರರಿಗೆ ಈ ಹೋಗಿಬರುವ ಸರಕಿನ ಲೆಕ್ಕ ತಿಳಿದಿರಲಾರದು.

ಎರಡನೆಯದು ಕೆಲಸಕ್ಕೆ ಬರುವ ವ್ಯಕ್ತಿಗಳು. ಮಾತುಕತೆಗೆ ಹಿರಿಯರು ಬಂದು, ಕೆಲಸಕ್ಕೆ ಹೊಸಬರು ಬರುವ ಸಾಧ್ಯತೆ ಇರುವುದರಿಂದ ತಂಡದ ಪ್ರಮುಖರ ಹೆಸರುಗಳನ್ನು ಒಪ್ಪಂದದಲ್ಲಿಯೇ ನಮೂದಿಸಲಾಗುತ್ತದೆ. ಮೂರನೆಯದು ಕಾನೂನಿನ ಅರಿವು. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕು. ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. ದರವು ಕೊನೆಯಲ್ಲಿ ಪರಿಗಣಿಸಬೇಕಾದ ಮಾನದಂಡ. ಆರಂಭದಲ್ಲಿ ಕಡಿಮೆ ದರ ಹೇಳಿ, ಪ್ರತಿ ಬದಲಾವಣೆಗೂ ಪ್ರತ್ಯೇಕ ಶುಲ್ಕ ಪಡೆಯುವ ಪದ್ಧತಿಯೂ ಇದೆ.

ಒಪ್ಪಂದ

ಕೆಲಸದ ವ್ಯಾಪ್ತಿ, ಹಂತವಾರು ಪಾವತಿ, ಸ್ವೀಕಾರ ಪರೀಕ್ಷೆಯ ನಿಯಮ, ಬದಲಾವಣೆಯ ದರ ಮತ್ತು ನೆರವಿನ ಅವಧಿ ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು. ಪಾಲುದಾರರು ಬಿಟ್ಟುಹೋದರೆ ದತ್ತಾಂಶವು ಓದಬಹುದಾದ ರೂಪದಲ್ಲಿ ಕಂಪನಿಗೆ ದೊರೆಯಬೇಕೆಂಬ ಷರತ್ತೂ ಅಗತ್ಯ. ಇಲ್ಲವಾದರೆ ಕಂಪನಿಯ ಸ್ವಂತ ಲೆಕ್ಕವೇ ಪರರ ವಶದಲ್ಲಿ ಉಳಿಯುತ್ತದೆ.

ಉದಾಹರಣೆಗಳು

ಕೃಷಿ ಮಾರುಕಟ್ಟೆಗಳು: ಹುಬ್ಬಳ್ಳಿ-ಧಾರವಾಡ ಅವಳಿನಗರದ ಬೈರಿದೇವರಕೊಪ್ಪಕ್ಕೆ ಸಮೀಪದ ಅಮರಗೋಳದಲ್ಲಿ ಹುಬ್ಬಳ್ಳಿಯ ಎಪಿಎಂಸಿ ಪ್ರಾಂಗಣವಿದೆ. ರಾಜ್ಯದ ಇಂತಹ ಮಾರುಕಟ್ಟೆಗಳನ್ನು ಏಕೀಕೃತ ಆನ್‌ಲೈನ್ ವೇದಿಕೆಗೆ ತರಲು ಕರ್ನಾಟಕ ಸರ್ಕಾರವು 2014ರಲ್ಲಿ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೊತೆ ಸಮಪಾಲಿನಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿಯನ್ನು ಆರಂಭಿಸಿತು. ಇಲ್ಲಿ ಅನುಷ್ಠಾನ ಮಾಡುವವರು ಹೊರಗಿನ ಗುತ್ತಿಗೆದಾರರಾಗಿರದೆ ಸಹ ಒಡೆಯರಾದರು. ಗೇಟಿನಲ್ಲಿ ನಮೂದಾದ ಸರಕಿಗೆ ವರ್ತಕರು ಕಂಪ್ಯೂಟರಿನ ಮೂಲಕ ಟೆಂಡರ್ ಹಾಕುತ್ತಾರೆ. ದರ ಒಪ್ಪದಿದ್ದರೆ ರೈತರು ನಿರಾಕರಿಸಬಹುದು. ತೂಕ, ಹಮಾಲಿ, ದಲಾಲಿಯಂಥ ಮಾರುಕಟ್ಟೆಯ ರೂಢಿಗಳನ್ನು ಅರಿಯದವರು ಇಂತಹ ತಂತ್ರಾಂಶವನ್ನು ನೆಲೆಗೊಳಿಸಲಾರರು.

ಜಿಎಸ್‌ಟಿ ಜಾಲ: 2015ರಲ್ಲಿ ಜಿಎಸ್‌ಟಿ ಜಾಲದ ತಂತ್ರಾಂಶ ನಿರ್ಮಾಣ ಮತ್ತು ನಿರ್ವಹಣೆಗೆ ಸುಮಾರು 1,380 ಕೋಟಿ ರೂಪಾಯಿಗಳ ಗುತ್ತಿಗೆಯು ಇನ್ಫೋಸಿಸ್‌ಗೆ ದೊರೆಯಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ತಾಂತ್ರಿಕ ತೊಡಕುಗಳು ಕಂಡುಬಂದು, ರಿಟರ್ನ್ ಸಲ್ಲಿಕೆಯ ಗಡುವುಗಳನ್ನು ವಿಸ್ತರಿಸಬೇಕಾಯಿತು. ಮೇಲ್ವಿಚಾರಣೆಗೆ ಸುಶೀಲ್ ಕುಮಾರ್ ಮೋದಿ ನೇತೃತ್ವದಲ್ಲಿ ಸಚಿವರ ಗುಂಪು ರಚನೆಯಾಯಿತು. ಕರ್ನಾಟಕದ ಕೃಷ್ಣ ಬೈರೇಗೌಡರೂ ಅದರ ಸದಸ್ಯರಾಗಿದ್ದರು. ಪಾಲುದಾರರ ಆಯ್ಕೆಯೊಂದಿಗೆ ಗ್ರಾಹಕನ ಹೊಣೆ ಮುಗಿಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಕ್ವೀನ್ಸ್‌ಲ್ಯಾಂಡ್: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯವು 2007ರಲ್ಲಿ ಐಬಿಎಂ ಸಂಸ್ಥೆಯನ್ನು ಮುಖ್ಯ ಗುತ್ತಿಗೆದಾರನನ್ನಾಗಿ ಆರಿಸಿತು. 2010ರ ಮಾರ್ಚ್‌ನಲ್ಲಿ ಚಾಲನೆಗೊಂಡ ಆರೋಗ್ಯ ಇಲಾಖೆಯ ಸಂಬಳ ತಂತ್ರಾಂಶದ ದೋಷದಿಂದ ಸಾವಿರಾರು ನೌಕರರಿಗೆ ಸಂಬಳವು ಕಡಿಮೆಯಾಗಿ, ಹೆಚ್ಚಾಗಿ, ಕೆಲವರಿಗೆ ಬಾರದೆಯೇ ಹೋಯಿತು. ಒಟ್ಟು ವೆಚ್ಚವು 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಮೀರುವುದೆಂದು ಅಂದಾಜಾಯಿತು. ರಿಚರ್ಡ್ ಚೆಸ್ಟರ್‌ಮನ್ ನೇತೃತ್ವದ ತನಿಖಾ ಆಯೋಗವು 2013ರಲ್ಲಿ ಆಯ್ಕೆಯ ಪ್ರಕ್ರಿಯೆಯಲ್ಲಿಯೇ ದೋಷಗಳನ್ನು ಗುರುತಿಸಿತು. ಸರ್ಕಾರ ಹೂಡಿದ ದಾವೆಯು, 2010ರ ರಾಜಿ ಒಪ್ಪಂದದಲ್ಲಿ ಐಬಿಎಂ ಅನ್ನು ಹೊಣೆಯಿಂದ ಬಿಡುಗಡೆ ಮಾಡಲಾಗಿತ್ತೆಂಬ ಕಾರಣಕ್ಕೆ ನಿಲ್ಲಲಿಲ್ಲ.

ಸಣ್ಣ ಉದ್ದಿಮೆಗಳಲ್ಲಿ

ಸಣ್ಣ ಉದ್ದಿಮೆಗಳಿಗೆ ದೊಡ್ಡ ಹೆಸರಿನ ಪಾಲುದಾರರಿಗಿಂತ ಕರೆದಾಗ ಬರುವ ಸ್ಥಳೀಯ ಪಾಲುದಾರರು ಅನುಕೂಲಕರರಾಗಬಹುದು. ಆದರೆ ಒಬ್ಬ ವ್ಯಕ್ತಿಯನ್ನೇ ನೆಚ್ಚಿದ ಸಂಸ್ಥೆಯಲ್ಲಿ ಆ ವ್ಯಕ್ತಿ ಬಿಟ್ಟರೆ ನೆರವೂ ನಿಲ್ಲುತ್ತದೆ. ಆದ್ದರಿಂದ ಹೊಂದಾಣಿಕೆಗಳ ಲಿಖಿತ ವಿವರವನ್ನು ಪಡೆದಿಟ್ಟುಕೊಳ್ಳುವುದು, ಕಂಪನಿಯ ಒಳಗಿನ ಇಬ್ಬರಿಗಾದರೂ ಪೂರ್ಣ ತರಬೇತಿ ಕೊಡಿಸುವುದು ಮತ್ತು ಹೊಸ ಲೆಕ್ಕ ಹಳೆಯದಕ್ಕೆ ತಾಳೆಯಾಗುವವರೆಗೆ ಎರಡನ್ನೂ ಜೊತೆಯಾಗಿ ನಡೆಸುವುದು ರೂಢಿಯಲ್ಲಿರುವ ಮುನ್ನೆಚ್ಚರಿಕೆಗಳು.