ಗಾಳಿಗೊಂದು ಸ್ವಿಚ್ಚು, ಬೆಳಕಿಗೊಂದು ಸ್ವಿಚ್ಚು

ಬಾಳಿನ ಅನಿಶ್ಚಯವನ್ನು ಹೇಳಬೇಕಾದಾಗ ನಮ್ಮ ಹಿರಿಯರು ಗಾಳಿಗೊಡ್ಡಿದ ದೀಪವನ್ನು ನೆನೆಯುತ್ತಿದ್ದರು. ಇಂದಿನ ಮಕ್ಕಳಿಗೆ ಆ ಹೋಲಿಕೆ ಹಿಡಿಸುವುದು ಕಷ್ಟ. ಅವರು ಕಾಣುವ ದೀಪ, ತಿರುಗುವ ಫ್ಯಾನಿನ ಕೆಳಗೇ ತೂಗಿಕೊಂಡು, ಅಲುಗದೆ ಬೆಳಗುತ್ತದೆ. ಹುಟ್ಟುಹಗೆಗಳಾದ ಇವೆರಡೂ ಒಂದೇ ಕೊಕ್ಕೆಗೆ ನೇತುಬಿದ್ದದ್ದು ಹೇಗೆ?

ವಿದ್ಯುತ್ತಿಗೆ ಮುಂಚೆ ಸಾಹೇಬರ ಬಂಗಲೆಗಳಲ್ಲಿ ಬಟ್ಟೆಯ ಉದ್ದನೆಯ ಪಂಖ ಸೂರಿನಿಂದ ತೂಗುತ್ತಿತ್ತು. ಅದರ ಗಾಳಿಗೆ ಮೇಣದ ಬತ್ತಿ ಆರದಿರಲೆಂದು ಗಾಜಿನ ಮರೆ ಇಡಬೇಕಾಗಿತ್ತು. ಪಂಖದ ಹಗ್ಗ ಗೋಡೆಯ ತೂತಿನ ಮೂಲಕ ಹೊರಗಿನ ಜಗಲಿಗೆ ಹೋಗುತ್ತಿತ್ತು. ಅಲ್ಲಿ ಒಬ್ಬ ಮನುಷ್ಯ ಕುಳಿತು ಇರುಳೆಲ್ಲ ಅದನ್ನು ಎಳೆಯುತ್ತಿದ್ದ. ಗಾಳಿಯೂ ಬೆಳಕೂ ಒಳಗಿನವರಿಗೆ. ಅವನ ಪಾಲಿಗೆ ಬಂದದ್ದು ಹಗ್ಗ ಮಾತ್ರ. ಅವನು ತೂಕಡಿಸಿದರೆ ಗಾಳಿ ನಿಲ್ಲುತ್ತಿತ್ತು, ಧಣಿ ಎಚ್ಚರಗೊಳ್ಳುತ್ತಿದ್ದ, ಬೂಟಿನ ಒದೆ ಬೀಳುತ್ತಿತ್ತು. ಹೀಗೆ ಒದೆ ತಿಂದು ಸತ್ತ ಆಳುಗಳೂ ಉಂಟು. ಮಲೇರಿಯದಿಂದ ಊದಿಕೊಂಡಿದ್ದ ಗುಲ್ಮ ಒಡೆದು ಸಾವು ಬಂತೆಂಬ ವಾದವನ್ನು ಒಪ್ಪಿ, ನ್ಯಾಯಾಲಯಗಳು ಸಣ್ಣ ಶಿಕ್ಷೆಯಲ್ಲೇ ಮುಗಿಸಿದ ಮೊಕದ್ದಮೆಗಳು ಆ ಕಾಲದ ಚರಿತ್ರೆಯಲ್ಲಿ ಒಂದೆರಡಲ್ಲ.

ಇತ್ತ ಅಮೆರಿಕದಲ್ಲಿ, ಸಿಂಗರ್ ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿದ್ದ ಫಿಲಿಪ್ ಡೀಲ್ ಎಂಬ ಜರ್ಮನ್ ಮೂಲದ ಕುಶಲಿ 1880ರ ದಶಕದಲ್ಲಿ ಹೊಲಿಗೆ ಯಂತ್ರದ ಮೋಟಾರಿಗೆ ರೆಕ್ಕೆ ಕಟ್ಟಿ ಸೂರಿಗೆ ಏರಿಸಿದ. ಮುಂದೆ ಅದಕ್ಕೇ ದೀಪವನ್ನೂ ಜೋಡಿಸಿದ. ಬಲ್ಬಿನ ಬೆಳಕು ಗಾಜಿನೊಳಗೆ ಭದ್ರವಾಗಿದ್ದುದರಿಂದ ಹಳೆಯ ಹಗೆ ಅಲ್ಲಿಗೆ ಮುಗಿಯಿತು.

ಕಲ್ಕತ್ತೆಗೆ 1899ರಲ್ಲಿ ವಿದ್ಯುತ್ ಸರಬರಾಜು ಬಂತು. ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಪಂಖದ ಆಳು ಒಮ್ಮೆಲೇ ಮರೆಯಾಗಲಿಲ್ಲ. ತಂತಿ ತಲುಪದ ಕಚೇರಿ ಕೋರ್ಟುಗಳಲ್ಲಿ ಅವನ ಕೈ ಇನ್ನೂ ಹಲವು ವರ್ಷ ಆಡುತ್ತಲೇ ಇತ್ತು.

ಒಂದಾದ ಗಾಳಿ ಬೆಳಕುಗಳಿಗೆ ಸ್ವಾತಂತ್ರ್ಯ ಕೊಟ್ಟದ್ದು ಎರಡು ಸ್ವಿಚ್ಚು. ಒಂದೇ ಸ್ವಿಚ್ಚಿದ್ದರೆ ಮಲಗುವವನು ಗಾಳಿಗಾಗಿ ಬೆಳಕನ್ನು ಸಹಿಸಬೇಕು; ಮಾಗಿಯಲ್ಲಿ ಓದುವವನು ಬೆಳಕಿಗಾಗಿ ಚಳಿಯನ್ನು ಸಹಿಸಬೇಕು. ಉಪಾಯ ಸರಳವಾದದ್ದೇ. ವಿದ್ಯುತ್ತನ್ನು ತರುವ ಫೇಸ್ ತಂತಿ ಗೋಡೆಯ ಹಲಗೆಯಲ್ಲಿ ಎರಡು ಸ್ವಿಚ್ಚುಗಳಿಗೂ ಸೇರುತ್ತದೆ. ಅಲ್ಲಿಂದ ರೆಗ್ಯುಲೇಟರಿನ ಮೂಲಕ ಒಂದು ತಂತಿ ಫ್ಯಾನಿಗೆ, ನೇರವಾಗಿ ಇನ್ನೊಂದು ದೀಪಕ್ಕೆ ಹೋಗುತ್ತದೆ. ಹಿಂದಿರುಗುವ ನ್ಯೂಟ್ರಲ್ ತಂತಿ ಮಾತ್ರ ಇಬ್ಬರಿಗೂ ಒಂದೇ. ಹೋಗುವ ದಾರಿ ಎರಡು, ಮರಳುವ ದಾರಿ ಒಂದು. ಸ್ವಿಚ್ಚು ಫೇಸಿನ ಮೇಲೆಯೇ ಇರಬೇಕು. ನ್ಯೂಟ್ರಲಿನ ಮೇಲೆ ಕೂರಿಸಿದರೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ಅಪಾಯ ಉಳಿದಿರುತ್ತದೆ. ಆದ್ದರಿಂದ ಈ ಕೆಲಸವನ್ನು ಮೈನ್ ಆರಿಸಿ, ಬಲ್ಲವರ ಕೈಯಿಂದಲೇ ಮಾಡಿಸಬೇಕು.

ಬೇಸಗೆಯ ರಾತ್ರಿ ಕರೆಂಟು ಹೋದರೆ ನಾವು ಐದು ನಿಮಿಷದಲ್ಲಿ ಗೊಣಗುತ್ತ ಜಗಲಿಗೆ ಬರುತ್ತೇವೆ. ಅದೇ ಹೊತ್ತಿನಲ್ಲಿ, ಅಂಥದೇ ಜಗಲಿಯಲ್ಲಿ, ಕತ್ತಲಲ್ಲಿ ಕುಳಿತು ಪರರಿಗಾಗಿ ಗಾಳಿ ಎಳೆಯುತ್ತಿದ್ದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಸ್ವಿಚ್ಚು ಒತ್ತುವಾಗ ಒಮ್ಮೆಯಾದರೂ ಅವನನ್ನು ನೆನೆದರೆ ತಪ್ಪಿಲ್ಲ.