ಸಿಡುಬಿನ ಲಸಿಕೆ ಮತ್ತು ಆತ್ಮಸಾಕ್ಷಿಯ ಪ್ರಶ್ನೆ

ಗೋಸಿಡುಬಿನ ಕೀವು ಸಿಡುಬನ್ನು ತಡೆಯಬಲ್ಲುದೆಂದು ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗದಿಂದ ತೋರಿಸಿದನು. ಹುಟ್ಟಿದ ಮೂರು ತಿಂಗಳೊಳಗೆ ಪ್ರತಿಯೊಂದು ಶಿಶುವಿಗೂ ಲಸಿಕೆ ಹಾಕಿಸಬೇಕೆಂದು ಇಂಗ್ಲೆಂಡಿನಲ್ಲಿ 1853ರಲ್ಲಿ ಶಾಸನವಾಯಿತು. 1867ರ ಶಾಸನವು ಒಪ್ಪದ ತಂದೆತಾಯಿಗಳಿಗೆ ಮತ್ತೆ ಮತ್ತೆ ದಂಡ ವಿಧಿಸಲು ಅವಕಾಶ ನೀಡಿತು. ಉಳ್ಳವರು ದಂಡ ತೆತ್ತು ಪಾರಾಗಬಹುದಿತ್ತು. ತೆರಲಾಗದ ಬಡವರಿಗೆ ಸೆರೆಮನೆ ಕಾದಿತ್ತು.

ವಿರೋಧಿಗಳ ಭಯವೆಲ್ಲವೂ ಮೌಢ್ಯವಾಗಿರಲಿಲ್ಲ. ಲಸಿಕೆ ಪಡೆದ ಮಗುವಿನ ತೋಳಿನ ಗುಳ್ಳೆಯಿಂದ ತೆಗೆದ ರಸವನ್ನೇ ಇನ್ನೊಂದು ಮಗುವಿನ ತೋಳಿಗೆ ಹಾಕುವುದು ಅಂದಿನ ಪದ್ಧತಿ. ಅದರಿಂದ ಸಿಫಿಲಿಸ್ ಹರಡಿದ ನಿದರ್ಶನಗಳೂ ಇದ್ದವು. 1885ರ ಮಾರ್ಚ್‌ನಲ್ಲಿ ಲೆಸ್ಟರ್ ನಗರದಲ್ಲಿ ಕಡ್ಡಾಯ ಲಸಿಕೆಯ ವಿರುದ್ಧ ಬೃಹತ್ ಮೆರವಣಿಗೆ ನಡೆಯಿತು. ಆದರೆ ಲೆಸ್ಟರ್ ಸಿಡುಬನ್ನು ವಿಧಿಗೆ ಬಿಟ್ಟುಕೊಡಲಿಲ್ಲ. ರೋಗ ಕಂಡೊಡನೆ ವರದಿ ಮಾಡುವುದು, ರೋಗಿಯನ್ನು ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿರಿಸುವುದು, ಅವನ ಸಂಪರ್ಕದಲ್ಲಿದ್ದವರನ್ನು ದಿಗ್ಬಂಧನದಲ್ಲಿಡುವುದು ಅಲ್ಲಿನ ಕ್ರಮವಾಯಿತು. ಹೀಗೆ ಲಸಿಕೆಯಿಂದ ಬಿಡುಗಡೆ ಬಯಸಿದ ನಗರವು ನೆರೆಹೊರೆಯ ಕ್ಷೇಮಕ್ಕಾಗಿ ಓಡಾಟದ ಸ್ವಾತಂತ್ರ್ಯವನ್ನು ಬೆಲೆಯಾಗಿ ತೆರಬೇಕಾಯಿತು.

1898ರ ಶಾಸನವು ಎರಡು ಹೆಜ್ಜೆಗಳನ್ನು ಒಟ್ಟಿಗೆ ಇರಿಸಿತು. ತೋಳಿನಿಂದ ತೋಳಿಗೆ ಲಸಿಕೆ ಹಾಕುವ ಪದ್ಧತಿ ನಿಂತು, ಕರುವಿನಿಂದ ಪಡೆದು ಗ್ಲಿಸರಿನ್ ಬೆರೆಸಿದ ರಸ ಬಳಕೆಗೆ ಬಂದಿತು. ತಮ್ಮ ವಿರೋಧ ಪ್ರಾಮಾಣಿಕವೆಂದು ನ್ಯಾಯಾಧಿಕಾರಿಗಳಿಗೆ ಮನವರಿಕೆ ಮಾಡಿಕೊಟ್ಟವರಿಗೆ ವಿನಾಯಿತಿಯೂ ದೊರೆಯಿತು. 1907ರಲ್ಲಿ ಅದಕ್ಕೆ ಘೋಷಣಾಪತ್ರವೊಂದೇ ಸಾಕಾಯಿತು.

ಅರ್ಧ ಶತಮಾನದ ಈ ಸಂಘರ್ಷದಲ್ಲಿ ಪ್ರಭುತ್ವವು ಆಜ್ಞಾಪಿಸುವುದರ ಜೊತೆಗೆ ಅಪಾಯವನ್ನು ತಗ್ಗಿಸುವ ಹೊಣೆಯನ್ನೂ ಹೊರಬೇಕಾಯಿತು. ತನ್ನ ದೇಹದ ಮೇಲಿನ ಹಕ್ಕನ್ನು ಸಾರಿದ ವ್ಯಕ್ತಿಯಾದರೋ ಪಕ್ಕದ ಮನೆಯ ಮಗುವನ್ನು ಲೆಕ್ಕದಿಂದ ಹೊರಗಿಡಲಾಗಲಿಲ್ಲ.